ಎಲ್ಡನ್‌ನನ್ನು ಕೊನೆಯ ಸಲ ಅಗೆದದ್ದು

ನೋರೀನ್ ಸಭಾಭವನದ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಳು. ಎದುರಿಗೆ ಗಾರ್ತ್. ಮೇಲೆ ಕಪ್ಪು ಕೋಟು, ಟೈ. ಕೆಳಗೆ ಮೊಣಕಾಲುದ್ದದ ಹಿಮದ ಬೂಟು. ಕಂಕುಳಲ್ಲಿ ತನ್ನ ಗೆಳೆಯ, ಅವಳ ಅಣ್ಣ ಎಲ್ಡನ್‌ನ ಬೂದಿಯಿದ್ದ ಮರದ ಪೆಟ್ಟಿಗೆ.

"ಅಲ್ಲಿಡು ಅದನ್ನ."

"ದಾರಿ ಬಿಡು ನೋರೀನ್. ಕೆಟಲ್ ಬೆಟ್ಟದ ಮೇಲೆ ಚೆಲ್ತೀನಿ ಅಂತ ಅವನಿಗೆ ಮಾತು ಕೊಟ್ಟಿದೀನಿ."

"ಇವತ್ತೇ ಚೆಲ್ತೀನಿ ಅಂತ ಕೊಟ್ಟಿದ್ಯಾ? ರಾತ್ರಿಯೆಲ್ಲಾ ಗಾಳಿ ಹೊಡೆದಿದೆ, ಬೆಳಿಗ್ಗೆಯಿಂದ ಬಿಸಿಲು. ಬೆಟ್ಟ ತುಂಬು ಬಸುರಿ ಥರ ನಿಂತಿದೆ. ಕೆಮ್ಮಿದ್ರೆ ಸಾಕು, ಹಿಮವೆಲ್ಲಾ ಮೈಮೇಲೆ ಬರುತ್ತೆ."

"ಹಾಗಾದ್ರೆ ಕೆಮ್ಮಲ್ಲ, ಬಿಡು."

ಎಲ್ಡನ್‌ನ ಅಂತ್ಯಕ್ರಿಯೆಗೆ ಸೇರಿದ್ದ ಹಾರ್ಲೋ ಕ್ರೀಕ್ ಊರಿಗೆ ಊರೇ ಮೊಟ್ಟೆಯ ಸ್ಯಾಂಡ್‌ವಿಚ್ ಮೆಲ್ಲುತ್ತಾ ಈ ಜಗಳ ನೋಡುತ್ತಿತ್ತು. ಅವತ್ತು ಮೇಜಿನ ಮೇಲೆ ಪೇರಿಸಿದ್ದ ಸ್ಯಾಂಡ್‌ವಿಚ್ಚುಗಳ ರಾಶಿಯನ್ನು ದಾಟಲು ಕುದುರೆಯೇ ಬೇಕಿತ್ತು. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ಊರಿನ ದಳಕ್ಕೆ ನೋರೀನ್‌ಳೇ ನಾಯಕಿ. ಅವಳು ಒಮ್ಮೆ ಗದರಿದರೆ ಕರಡಿಗಳು ಚಳಿಗಾಲದ ನಿದ್ದೆಯಿಂದೆದ್ದು ಬಂದು ಕ್ಷಮೆ ಕೇಳುತ್ತಿದ್ದವು. ಗಾರ್ತ್ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಎಲ್ಡನ್‌ನೂ ಕೇಳಿದವನಲ್ಲ.

ಎಲ್ಡನ್‌ನ ಹೆಂಡತಿ ಮೇವಿಸ್ ತಟ್ಟೆ ಕೆಳಗಿಟ್ಟು ಬಂದಳು. "ಹೋಗ್ಲಿ ಬಿಡೇ. ನಾನೂ ಹೋಗ್ತೀನಿ."

"ನೀನಾ? ಮದುವೆಯಾದಾಗಿಂದ ಒಂದು ಸಲನಾದ್ರೂ ಹಿಮದ ಮೇಲೋಡೋ ಆ ಸ್ಲೆಡ್ ಬೈಕು ಹತ್ತಿದೀಯಾ?"

"ಹತ್ತಿಲ್ಲ. ಅಡುಗೆಮನೇಲಿ ರೇಡಿಯೋ ಮುಂದೆ ಕೂತು, ಬದುಕಿದಾನೋ ಸತ್ತನೋ ಅಂತ ಕಿವಿಯಾನಿಸಿಯೇ ನನ್ನ ಕೂದಲು ಬೆಳ್ಳಗಾಯ್ತು. ಅಲ್ಲಿ ಅಂಥಾದ್ದೇನಿದೆ ಅಂತ ಒಂದು ಸಲ ನೋಡ್ಬೇಕು ನಾನು."

ನೋರೀನ್ ತಲೆ ಚಚ್ಚಿಕೊಂಡಳು. ಗಾರ್ತ್‌ನನ್ನು ಕಟ್ಟಿಹಾಕಬಹುದಿತ್ತು, ವಿಧವೆಯನ್ನು ಅವಳ ಗಂಡನ ಅಂತ್ಯಕ್ರಿಯೆಯ ದಿನ ಕಟ್ಟಿಹಾಕುವುದು ಹೇಗೆ?

"ಸರಿ. ನಾನೂ ಬರ್ತೀನಿ. ಮರಗಳು ಮುಗಿಯೋ ಕಡೆ ಗುಡಿಸಲಿದೆಯಲ್ಲ, ಅಲ್ಲೀತನಕ ಮಾತ್ರ. ಅಲ್ಲೇ ಚೆಲ್ಲಿ ವಾಪಸ್ಸು. ಅದನ್ನ ದಾಟಿ ಬೋಳು ಇಳಿಜಾರಿಗೆ ಹೋದ್ಯೋ, ಗಾರ್ತ್, ನಿನ್ನ ಹುಡುಕೋಕೆ ನಾನು ಬರಲ್ಲ."

"ಪ್ರತಿ ಸಲ ಹೀಗೇ ಹೇಳ್ತೀಯ," ಎಂದು ಗಾರ್ತ್ ಹಲ್ಲು ಕಿರಿದ. "ಪ್ರತಿ ಸಲ ಬರ್ತೀಯ."

*

ಎಲ್ಡನ್ ಶಾಲಾ ಬಸ್ಸಿನ ಚಾಲಕನಾಗಿದ್ದ. ಇಡೀ ಬ್ರಿಟಿಷ್ ಕೊಲಂಬಿಯಾದಲ್ಲಿ ಅಷ್ಟು ನಿಧಾನವಾಗಿ ಬಸ್ಸು ಓಡಿಸುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಒಂದನೇ ತರಗತಿಗೆಂದು ಅವನ ಬಸ್ಸು ಹತ್ತಿದ ಹುಡುಗರಿಗೆ ಶಾಲೆಯ ಬಾಗಿಲಲ್ಲಿ ಇಳಿಯುವಾಗ ಮೀಸೆ ಬಂದಿರುತ್ತಿತ್ತು. ಅಳಿಲು ರಸ್ತೆ ದಾಟಿ, ಏನೋ ಮರೆತು, ವಾಪಸ್ಸು ದಾಟುವವರೆಗೂ ಕಾಯುತ್ತಿದ್ದ.

ಅದೇ ಮನುಷ್ಯ ಶನಿವಾರ ಸ್ಲೆಡ್ ಮೇಲೆ ಕೂತನೆಂದರೆ ದೆವ್ವ ಹೊಕ್ಕಂತೆ. ಬೋಳು ಇಳಿಜಾರಿನಲ್ಲಿ ಅವನಿಗೂ ಗಾರ್ತ್‌ಗೂ ಪಂದ್ಯ: ನೆಟ್ಟಗೆ ಮೇಲಕ್ಕೆ ನುಗ್ಗುವುದು, ಯಂತ್ರ ಸೋಲುವ ಹೊತ್ತಿಗೆ ತಿರುಗಿಸಿ ಇಳಿಯುವುದು. ಯಾರ ಜಾಡು ಹೆಚ್ಚು ಎತ್ತರದಲ್ಲಿದೆಯೋ ಅವನು ಗೆದ್ದ. ಈ ಪಂದ್ಯದ ದೆಸೆಯಿಂದ ನೋರೀನ್ ತನ್ನ ಅಣ್ಣನನ್ನು ಹಿಮದಿಂದ ಅಗೆದು ತೆಗೆದದ್ದಕ್ಕೆ ಲೆಕ್ಕವಿಲ್ಲ. ಆಲೂಗಡ್ಡೆಯನ್ನೂ ಯಾರೂ ಅಷ್ಟು ಸಲ ಅಗೆದಿರಲಾರರು.

ಒಂದು ಸಲವಂತೂ ಎದೆಗೆ ಕಟ್ಟಿಕೊಳ್ಳುವ ಬೀಕನ್ನೇ ಇಲ್ಲದೆ ಹೋಗಿದ್ದ. ಹೂತುಹೋದವನು ಎಲ್ಲಿದ್ದಾನೆಂದು ಉಳಿದವರ ಬೀಕನ್ನುಗಳಿಗೆ ಕೂಗಿ ಹೇಳುವುದು ಅದೊಂದೇ. ಇಳಿಜಾರಿನ ಹಿಮ ಜಾರಿತ್ತು, ದಳದವರು ಸಂಜೆಯವರೆಗೆ ಕೋಲು ಚುಚ್ಚಿ ಚುಚ್ಚಿ ಬೆಟ್ಟವನ್ನು ಜರಡಿ ಮಾಡಿದರು. ಎಲ್ಡನ್ ಆಚೆ ದಿಣ್ಣೆಯ ಹಿಂದೆ ಕೆಟ್ಟುನಿಂತ ಸ್ಲೆಡ್ ಮೇಲೆ ಕೂತು ಸಾಸೇಜ್ ತಿನ್ನುತ್ತಿದ್ದ.

"ಇಷ್ಟು ತಡವಾ?" ಎಂದ.

ನೋರೀನ್ ಕೈಚೀಲದಲ್ಲೇ ಅವನಿಗೆ ನಾಲ್ಕು ಬಾರಿಸಿದಳು. ಮನೆಗೆ ಎಳೆತಂದು ಮೇವಿಸ್ ಮುಂದೆ ನಿಲ್ಲಿಸಿದಳು. "ಕೇಳಿಸ್ಕೋ ಮೇವಿಸ್. ಬೀಕನ್ ಹೊತ್ತಿಸದೆ ಇವನನ್ನ ಬೆಟ್ಟಕ್ಕೆ ಕಳಿಸಿದ್ರೆ ನಿನ್ನ ಮುಖ ನೋಡಲ್ಲ ನಾನು."

ಅಂದಿನಿಂದ ಪ್ರತಿ ಶನಿವಾರ ಮೇವಿಸ್ ಬಾಗಿಲಲ್ಲಿ ನಿಂತು, ಗಂಡನ ಅಂಗಿಯ ಗುಂಡಿ ಬಿಚ್ಚಿ, ಕೆಂಪು ದೀಪ ಮಿನುಗುವುದನ್ನು ನೋಡಿ, ಗುಂಡಿ ಹಾಕಿ ಕಳಿಸುತ್ತಿದ್ದಳು.

ಬೆಟ್ಟದಿಂದ ಅವನನ್ನು ಕೊಲ್ಲಲಾಗಲಿಲ್ಲ. ಕಳೆದ ವಾರ ಟೀವಿಯಲ್ಲಿ ಕರ್ಲಿಂಗ್ ಆಟ ನೋಡುತ್ತಾ, ಆರಾಮಕುರ್ಚಿಯಲ್ಲಿ, ಯಾರಿಗೂ ತೊಂದರೆ ಕೊಡದೆ ಸತ್ತ. ಯಾರಿಗೂ ತೊಂದರೆ ಕೊಡದೆ ಅವನು ಮಾಡಿದ ಕೆಲಸ ಅದೊಂದೇ.

*

ಗಾರ್ತ್ ಗುಡಿಸಲ ಬಳಿ ನಿಲ್ಲಲಿಲ್ಲ. ನಿಲ್ಲುತ್ತಾನೆಂದು ನೋರೀನ್ ನಂಬಿದ್ದೇ ತಪ್ಪು. ಒಂದು ಕೈ ಎತ್ತಿ, "ಒಂದೇ ಒಂದ್ಸಲ! ಎಲ್ಡನ್‌ಗೋಸ್ಕರ!" ಎಂದು ಕಿರುಚಿ, ಸ್ಲೆಡ್ಡಿನ ಹಿಂಬದಿಗೆ ಪೆಟ್ಟಿಗೆ ಕಟ್ಟಿಕೊಂಡೇ ಇಳಿಜಾರಿಗೆ ನುಗ್ಗಿದ. ಯಾವತ್ತೂ ಏರದಷ್ಟು ಎತ್ತರಕ್ಕೆ ಏರಿದ.

ಬೆಟ್ಟ ಅಡ್ಡಲಾಗಿ ಸೀಳಿತು. ಅರ್ಧ ಆಕಾಶವೇ ಕಳಚಿ ಬಿದ್ದಂತೆ ಬಿಳಿಯದೊಂದು ಗೋಡೆ ಇಳಿದುಬಂತು. ಅದು ನಿಂತಾಗ ಸ್ಲೆಡ್ಡೂ ಇರಲಿಲ್ಲ, ಗಾರ್ತ್‌ನೂ ಇರಲಿಲ್ಲ.

"ಅಯ್ಯೋ ದೇವರೇ," ಎಂದಳು ಮೇವಿಸ್.

"ದೇವರನ್ನ ಆಮೇಲೆ ಕರಿ. ಮೊದಲು ನಿನ್ನ ಬೀಕನ್ ಆರಿಸು. ಸಲಿಕೆ ತಗೋ."

ನೋರೀನ್ ರೇಡಿಯೋದಲ್ಲಿ ದಳವನ್ನು ಕೂಗಿದಳು. ಅವರು ಇನ್ನೂ ಸ್ಯಾಂಡ್‌ವಿಚ್ ಮುಂದಿದ್ದರು. ಬರುವ ಹೊತ್ತಿಗೆ ಗಾರ್ತ್‌ನ ಉಸಿರು ಮುಗಿದಿರುತ್ತಿತ್ತು. ಹಿಮದಡಿಯಲ್ಲಿ ಉಸಿರಿಗೆ ಕಾಲು ಗಂಟೆಯೂ ದೊಡ್ಡದು. ಬೇರೆ ಬೀಕನ್ನುಗಳ ಕೂಗನ್ನು ಹಿಡಿಯುವಂತೆ ಅವಳು ತನ್ನ ಬೀಕನ್ನಿನ ಗುಂಡಿ ತಿರುಗಿಸಿ ಓಡಿದಳು. ಪರದೆಯ ಮೇಲೆ ಎರಡು ಗುರುತು ಮೂಡಿದವು.

"ಮೇವಿಸ್! ನಿಂದು ಆರಿಸು ಅಂದ್ನಲ್ಲ!"

"ಆರಿಸ್ದೆ ಕಣೇ!"

"ಆರಿಸಿಲ್ಲ! ಇಲ್ಲಿ ಎರಡು ತೋರಿಸ್ತಿದೆ!"

"ಆರಿಸ್ದೆ ಅಂದ್ನಲ್ಲ, ನನ್ನೇನು ಕುರುಡಿ ಅಂದ್ಕೊಂಡ್ಯಾ?"

ವಾದಕ್ಕೆ ಹೊತ್ತಿರಲಿಲ್ಲ. ಹತ್ತಿರದ ಗುರುತು ಬಲವಾಗಿತ್ತು. ನೋರೀನ್ ಕೋಲು ಚುಚ್ಚಿದಳು, ಗಟ್ಟಿಯಾದದ್ದೇನೋ ತಗುಲಿತು. ಇಬ್ಬರೂ ಅಗೆದರು. ಮೇವಿಸ್ ಸಾವಿನ ಕಪ್ಪು ಉಡುಪಿನಲ್ಲೇ ಮಂಡಿಯೂರಿ ನಾಯಿಯಂತೆ ಕೆರೆದಳು. ಅವರು ಎರಚಿದ ಹಿಮ ಪಕ್ಕದ ಕಣಿವೆಯಲ್ಲಿ ಬಿತ್ತು.

ಮರದ ಪೆಟ್ಟಿಗೆ ಸಿಕ್ಕಿತು. ಕೋಲು ತಗುಲಿ ಮುಚ್ಚಳ ಒಡೆದಿತ್ತು. ಒಳಗೆ, ಬೂದಿಯ ನಡುವೆ, ಕೆಂಪು ದೀಪವೊಂದು ಮಿನುಗುತ್ತಿತ್ತು.

ನೋರೀನ್ ಕಿರುಚಿದ ದನಿಗೆ ಕೆಟಲ್ ಬೆಟ್ಟದ ಹದ್ದುಗಳು ಕಿವಿ ಮುಚ್ಚಿಕೊಂಡವು. "ಸತ್ತ ಮೇಲೂ! ಸತ್ತು ಸುಟ್ಟು ಬೂದಿಯಾದ ಮೇಲೂ ನನ್ನ ಕೈಲೇ ಅಗೆಸಿಕೊಂಡನಲ್ಲ ಈ ಹಾಳಾದೋನು! ಯಾರು ಇಟ್ಟಿದ್ದು ಇದನ್ನ?"

"ನಾನೇ," ಎಂದಳು ಮೇವಿಸ್. "ಹೊತ್ತಿಸಿಯೇ ಇಟ್ಟೆ. ಬೀಕನ್ ಇಲ್ಲದೆ ಬೆಟ್ಟಕ್ಕೆ ಕಳಿಸ್ಬೇಡ ಅಂತ ನೀನೇ ತಾನೇ ಹೇಳಿದ್ದು."

ನೋರೀನ್ ಪೆಟ್ಟಿಗೆಯೊಳಗೆ ಕೈ ಹಾಕಿ ದೀಪ ಆರಿಸಿದಳು. ಪರದೆಯ ಮೇಲೆ ಒಂದೇ ಗುರುತು ಉಳಿಯಿತು, ದೂರದಲ್ಲಿ, ಮೇಲೆ.

"ಗಾರ್ತ್ ಸತ್ತರೆ ನನ್ನಿಂದಲೇ ಅಲ್ವಾ?" ಮೇವಿಸ್ ಕೇಳಿದಳು.

"ಅಗಿ. ಮಾತಾಡ್ಬೇಡ. ಬಾ, ಅಗಿ!"

ಮೊದಲು ಕೈಗವಸು ಕಂಡಿತು. ಆಮೇಲೆ ಟೈ. ಮೇವಿಸ್ ಕೈಗವಸು ಕಿತ್ತೆಸೆದು ಬರಿಗೈಯಲ್ಲಿ ಅವನ ಬಾಯೊಳಗಿನ ಹಿಮ ತೋಡಿ ತೆಗೆದಳು. ಮುಖ ನೀಲಿಯಾಗಿತ್ತು. ನೋರೀನ್ ಅವನ ಕೆನ್ನೆಗೆ ಬಾರಿಸಿದಳು, ಇನ್ನೊಂದು ಬಾರಿಸಿದಳು, ಊರವರೆಲ್ಲರ ಪರವಾಗಿ ಮತ್ತೊಂದು ಬಾರಿಸಿದಳು.

ಗಾರ್ತ್ ಕೆಮ್ಮಿದ. ಮೇವಿಸ್ ಜೋರಾಗಿ ಅತ್ತುಬಿಟ್ಟಳು.

ದಳದ ಸ್ಲೆಡ್ಡುಗಳ ಸದ್ದು ಕೆಳಗಿನ ಮರಗಳಲ್ಲಿ ಕೇಳಿಸತೊಡಗಿದಾಗ ಅವನು ಬೆನ್ನೆತ್ತಿ ಕೂತಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಮೇವಿಸ್ ತನ್ನ ಕಪ್ಪು ಕೋಟನ್ನು ಅವನಿಗೆ ಹೊದಿಸಿ, ನೋರೀನ್‌ಳ ಚೀಲದಿಂದ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಬಿಸಿ ಚಹಾ ಬಗ್ಗಿಸಿದಳು.

"ಬಾಯಿ ತೆಗಿ, ಮೂರ್ಖ ಮುಂಡೇದೇ. ಈ ವಯಸ್ಸಿನಲ್ಲಿ ಇನ್ನೂ ಚಿಕ್ಕ ಹುಡುಗನಾ ನೀನು? ಮೆಲ್ಲಗೆ ಕುಡಿ."

ಎಲ್ಡನ್‌ನಿಗೆ ಬಯ್ಯುತ್ತಿದ್ದ ದನಿ ಅದು. ಪೆಟ್ಟಿಗೆಗಾಗಿ ಕೆರೆದ ತೋಳಿಗೆ ಮೊಣಕೈವರೆಗೂ ಬೂದಿ ಮೆತ್ತಿಕೊಂಡಿತ್ತು. ಅವಳು ಮುಚ್ಚಳವನ್ನು ಅವನ ತುಟಿಗೆ ಬಗ್ಗಿಸುವಾಗ ತೋಳಿನಿಂದ ಸ್ವಲ್ಪ ಉದುರಿ ಚಹಾದ ಮೇಲೆ ತೇಲಿತು.

ಮೇವಿಸ್ ನೋಡಲಿಲ್ಲ. ನೋರೀನ್ ನೋಡಿದಳು. ಗಾರ್ತ್‌ನೂ ನೋಡಿದ. ಅವನು ಒಮ್ಮೆ ನೋರೀನ್‌ಳತ್ತ ಕಣ್ಣೆತ್ತಿ, ಎರಡೂ ಕೈಯಲ್ಲಿ ಮುಚ್ಚಳ ಹಿಡಿದು, ತಳದ ಗಷ್ಟಿನ ಸಮೇತ ಕುಡಿದ.