ಹಸಿರು ಒತ್ತಿ, ಪಪ್ಪ

ಪ್ಲಾಸ್ಟಿಕ್ ಕವರಿನೊಳಗೆ ಪಪ್ಪನ ವಾಚು ಇನ್ನೂ ಬೆಳಗುತ್ತಿದೆ, ಚಾರ್ಜ್ ಶೇಕಡಾ ಅರವತ್ತೊಂದು, ಎರಡನೇ ದಿನಕ್ಕೆ ಇಷ್ಟು ಉಳಿದದ್ದು ದೊಡ್ಡದೇ, ಹಳೆಯ ಮಾಡೆಲ್ ಆಗಿದ್ದರೆ ನಿನ್ನೆಯೇ ಆರಿಹೋಗುತ್ತಿತ್ತು — ಥೂ, ಅತ್ತಾವರದ ಆಸ್ಪತ್ರೆಯಲ್ಲಿ ಐಸಿಯು ಬಾಗಿಲಲ್ಲಿ ಕೂತು ಬ್ಯಾಟರಿಯನ್ನು ಹೊಗಳುತ್ತಿದ್ದೇನೆ, ಒಳಗೆ ಪಪ್ಪನ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಉಂಗುರ ವಾಚು ಎರಡೂ ಉಂಟು ನೋಡಿಕೊಳ್ಳಿ ಎಂದು ನಿನ್ನೆ ನೆಲ್ಲಿ ಸಿಸ್ಟರ್ ಕೊಟ್ಟ ಕವರು, ವಾಚು ಮಾರುಕಟ್ಟೆಗೆ ಬಂದ ದಿನವೇ ನಾನು ತಂದದ್ದು, ಕಟ್ಟಿಕೊಂಡವ ಬಿದ್ದರೆ ಅದಕ್ಕೆ ತಿಳಿಯುತ್ತದೆ, ಬಿದ್ದಿರಾ ಎಂದು ಕೇಳುತ್ತದೆ, ಒಂದು ನಿಮಿಷ ಉತ್ತರ ಬರದಿದ್ದರೆ ನನ್ನ ಫೋನಿಗೆ ಕರೆ ಹೋಗುತ್ತದೆ, ನನ್ನ ಚಾನೆಲ್ಲಿನ ರಿವ್ಯೂ ವಿಡಿಯೋಗಾಗಿ ಪಪ್ಪನನ್ನು ಹಾಸಿಗೆಯ ಮೇಲೆ ಬೀಳಿಸಿದ್ದೆ, ನಗುತ್ತಲೇ ಬಿದ್ದರು, ಇದಕ್ಕೆ ಎಲ್ಲ ಗೊತ್ತುಂಟಲ್ಲ ಮಾರಾಯ — ಎಲ್ಲ ಗೊತ್ತಿರಲಿಲ್ಲ, ತೆಂಗಿನಕಾಯಿ ಸುಲಿಯುವುದು ಗೊತ್ತಿರಲಿಲ್ಲ, ಹಿತ್ತಿಲಿನ ಕಬ್ಬಿಣದ ಗೂಟಕ್ಕೆ ಪಪ್ಪ ಕಾಯಿ ಕುಟ್ಟಿದಾಗೆಲ್ಲ ಅದರ ಲೆಕ್ಕದಲ್ಲಿ ಮನುಷ್ಯ ಬಿದ್ದ, ಕೊಟ್ಟಾರದ ಆಫೀಸಿನ ಮೀಟಿಂಗಿನ ನಡುವೆ ನನ್ನ ಫೋನು ಪಪ್ಪನ ಹೆಸರು ಹಿಡಿದು ಅರಚುತ್ತದೆ, ಲೋಕನಾಥ ಬಿದ್ದಿದ್ದಾರೆ, ಲೋಕನಾಥ ಬಿದ್ದಿದ್ದಾರೆ, ಒಂದು ಸಲ ಬೈಕಿನಲ್ಲಿ ಎದ್ದೆನೋ ಬಿದ್ದೆನೋ ಎಂದು ಮನೆಗೆ ಬಂದರೆ ಅರ್ಧ ಸುಲಿದ ಕಾಯಿ ಹಿಡಿದು ನಿಂತಿದ್ದರು, ಇದು ನನಗೆ ಬೇಡ ಮಗ, ಬಿಚ್ಚಿಬಿಡು, ಬಿಚ್ಚಲಿಲ್ಲ, ಒಂದು ತಿಂಗಳ ಬಳಕೆಯ ರಿವ್ಯೂ ಬಾಕಿ ಇತ್ತು, ಬೈದೆ, ಚೆನ್ನಾಗಿಯೇ ಬೈದೆ, ಆಮೇಲೆ ಅವರ ಹೆಬ್ಬೆರಳು ಹಿಡಿದು ಕಲಿಸಿದೆ, ಎರಡು ಗುಂಡಿ ಬರ್ತದೆ ಪಪ್ಪ, ಕೆಂಪು ಮುಟ್ಟಬೇಡಿ, ನನಗೆ ಫೋನ್ ಬರ್ತದೆ, ಎಂತ ಆದ್ರೂ ಹಸಿರು ಒತ್ತಿ, ನನಗೆ ಕೆಲಸ ಉಂಟು, ಆಯ್ತು ಮಗ, ಹಸಿರು, ಆಮೇಲೆ ಒಂದು ದಿನವೂ ಫೋನು ಅರಚಲಿಲ್ಲ, ನಾನು ಖುಷಿಪಟ್ಟೆ.

ನಿನ್ನೆ ಬಚ್ಚಲಲ್ಲಿ ಬಿದ್ದರು, ಮದುವೆಗೆ ಹೋಗಿದ್ದ ಅಮ್ಮ ಮಧ್ಯಾಹ್ನ ಎರಡು ಗಂಟೆಗೆ ಬಂದು ನೋಡುವಷ್ಟರಲ್ಲಿ ಮಾತು ನಿಂತಿತ್ತು, ಬೆಳಿಗ್ಗೆಯೇ ತಂದಿದ್ದರೆ… ಎಂದರು ಡಾಕ್ಟರು, ವಾಚಿನ ಸಾಫ್ಟ್‌ವೇರೇ ಕೆಟ್ಟದ್ದು, ಕರೆ ಬರಲೇ ಇಲ್ಲ, ಕಂಪನಿಯ ಮಾನ ತೆಗೆಯುತ್ತೇನೆ ಎಂದು ಇದೇ ಬೆಂಚಿನಲ್ಲಿ ಕೂಗಾಡಿದೆ, ಅಮ್ಮ ನನ್ನ ಬೆನ್ನು ಸವರಿದರು, ಈಗ ಸಾಕ್ಷಿಗೆಂದು ಕವರು ಬಿಚ್ಚಿ ದಾಖಲೆ ತೆರೆದಿದ್ದೇನೆ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಬಿದ್ದದ್ದು, ಅದೇ ಕ್ಷಣ ವಾಚು ಬಿದ್ದಿರಾ ಎಂದು ಕೇಳಿದೆ, ಹದಿನೇಳು ಸೆಕೆಂಡಿಗೆ ಉತ್ತರ ಬಂದಿದೆ, ಕೆಟ್ಟಿಲ್ಲ, ಏನೂ ಕೆಟ್ಟಿಲ್ಲ, ಎಂತ ತೋರಿಸ್ತದೆ ಮಗ ಅದರಲ್ಲಿ ಎಂದು ಅಮ್ಮ ಬಗ್ಗುತ್ತಾರೆ, ಎಂತ ಇಲ್ಲ ಅಮ್ಮ, ಕೈಯಿಂದ ಮುಚ್ಚುತ್ತೇನೆ, ಹದಿನೇಳು ಸೆಕೆಂಡು ಅವರು ಹುಡುಕಿದ್ದಾರೆ, ತಲೆ ಒಡೆದು, ಒದ್ದೆ ನೆಲದಲ್ಲಿ, ನಾನು ಬೈಯದ ಹಾಗೆ — ನಾನು ಸರಿ ಇದ್ದೇನೆ ಎಂದು ಬರೆದ ಆ ಗುಂಡಿ, ಒದ್ದೆ ಹೆಬ್ಬೆರಳು, ಹಸಿರು, ಹೆಬ್ಬೆರಳು, ಹಸಿರು