ಹನ್ನೊಂದು ನಿಮಿಷ

ಹೊಸ ವಿಮಾನಗಳನ್ನು ಮೊತ್ತಮೊದಲು ಹಾರಿಸಿ ನೋಡುವುದೇ ಆಕೆಯ ಗಂಡನ ಕೆಲಸವಾಗಿತ್ತು. ದೇಶದಲ್ಲೇ ತಯಾರಾದ ಮೊದಲ ಜೆಟ್ಟನ್ನು ಮೇಲೇರಿಸಿದ್ದು ಅವರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಅದೇ ಜೆಟ್ಟಿನೊಂದಿಗೆ ಹೊಲವೊಂದರಲ್ಲಿ ಬಿದ್ದು ತೀರಿಕೊಂಡರು. ನಲವತ್ತೊಂದು ವರ್ಷದ ಮೇಲೆ ಟೀವಿಯವರು ಅವರ ಜೀವನದ ಸಾಕ್ಷ್ಯಚಿತ್ರ ಮಾಡಲು ಬಂದಾಗ ಹೆಂಡತಿ ಸೋಫಾ ಸರಿಸಿ ದೀಪಗಳಿಗೆ ಜಾಗ ಮಾಡಿಕೊಟ್ಟರು.

ಎರಡು ದಿನ ನಗುನಗುತ್ತಲೇ ಮಾತಾಡಿದರು. "ಆಕಾಶದಲ್ಲಿ ಹುಲಿ. ನೆಲದ ಮೇಲೆ ಸೈಕಲ್ಲೂ ನೆಟ್ಟಗೆ ಬರ್ತಿರಲಿಲ್ಲ. ನನ್ನನ್ನ ಹಿಂದೆ ಕೂರಿಸ್ಕೊಂಡ್ರೆ ಮೊದಲ ತಿರುವಿನಲ್ಲೇ ನಾನು ಇಳಿದುಬಿಡ್ತಿದ್ದೆ!"

ಮೂರನೆಯ ದಿನ ನಿರ್ದೇಶಕಿ ಕ್ಯಾಮೆರಾ ಆರಿಸಿ ಪಕ್ಕದಲ್ಲಿ ಕೂತಳು. "ಅಮ್ಮಾ, ಕೊನೆಯ ಹಾರಾಟದ ರೇಡಿಯೋ ಮಾತಿನ ಟೇಪು ಸಿಕ್ಕಿದೆ. ತೊಂದರೆ ಶುರುವಾದಲ್ಲಿಂದ ಕೊನೆವರೆಗೆ, ಹನ್ನೊಂದು ನಿಮಿಷ. ನೀವು ಬೇಡ ಅಂದ್ರೆ ಚಿತ್ರದಲ್ಲಿ ಹಾಕಲ್ಲ."

"ಹನ್ನೊಂದು ನಿಮಿಷವಾ? ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಯ್ತು ಅಂದಿದ್ನಲ್ಲ!"

ಹಾಗೆಂದವನು ಆ ವಿಮಾನದ ಮೆಕ್ಯಾನಿಕ್. ಅಂದು ಬಾಗಿಲಿಗೆ ಸುದ್ದಿ ತಂದವನೂ ಅವನೇ. ಆ ಒಂದು ಮಾತನ್ನು ನೆಚ್ಚಿಕೊಂಡೇ ಅವರು ಇಷ್ಟು ವರ್ಷ ನಿದ್ದೆ ಮಾಡಿದ್ದರು.

ಟೇಪು ಕೇಳಿದರು. ಎಂಜಿನ್ನಿಗೆ ಬೆಂಕಿ ಹತ್ತಿತ್ತು. ಹೊರಗೆ ಜಿಗಿಯೋಣವೆಂದರೆ ತಲೆಯ ಮೇಲಿನ ಗಾಜಿನ ಮುಚ್ಚಳ ತೆರೆಯುತ್ತಿರಲಿಲ್ಲ. ಗಂಡನ ದನಿ ಮಾತ್ರ ಪೇಪರು ಓದುವಷ್ಟು ಸಮಾಧಾನವಾಗಿ ಎತ್ತರ, ವೇಗ, ಶಾಖ ಹೇಳುತ್ತಲೇ ಇತ್ತು. "ಮುಚ್ಚಳದ ಎಡಗಡೆ ಕೊಂಡಿ ಸಿಕ್ಕಿಹಾಕ್ಕೊಂಡಿದೆ. ಬರ್ಕೊಳ್ಳಿ. ಮುಂದಿನವನಿಗೆ ಹೀಗಾಗಬಾರದು."

ತಮ್ಮ ಹೆಸರು ಬರುತ್ತದೇನೋ ಎಂದು ಕೊನೆಯವರೆಗೂ ಕಾದರು. ಬರಲಿಲ್ಲ.

ಸಂಜೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವನಿಗೀಗ ಎಪ್ಪತ್ತು ದಾಟಿತ್ತು.

"ಯಾಕಪ್ಪ ಸುಳ್ಳು ಹೇಳ್ದೆ?"

"ನಿಮ್ಮ ಕಂಕುಳಲ್ಲಿ ಮಗು ಇತ್ತು, ಅತ್ತಿಗೆ. ನಾಲಿಗೆ ಏಳಲಿಲ್ಲ. ಇನ್ನೊಂದು ಮಾತು... ಆವತ್ತು ಬೆಳಿಗ್ಗೆ ಆ ಕೊಂಡಿ ನೋಡಿ, ಸರಿಯಿದೆ ಅಂತ ಸಹಿ ಹಾಕಿದ್ದು ನಾನೇ."

ಬೈಯಬೇಕೆನಿಸಿತು, ಬಾಯಿ ಬರಲಿಲ್ಲ. ಕ್ಷಮಿಸಿದೆ ಎನ್ನಲೂ ಆಗಲಿಲ್ಲ. "ಊಟ ಆಯ್ತಾ?" ಎಂದರು. ಅತ್ತ ಕಡೆ ಮುದುಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

ಮರುದಿನ ನಿರ್ದೇಶಕಿಗೆ, "ಪೂರ್ತಿ ಹಾಕಮ್ಮ," ಎಂದರು. ಮೆಕ್ಯಾನಿಕ್‌ನ ಸಹಿಯ ವಿಷಯ ಅವಳಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಚಿತ್ರ ಪ್ರಸಾರವಾದ ಭಾನುವಾರ ಮಗಳು ಪಕ್ಕದಲ್ಲಿದ್ದಳು. ತಿಳುವಳಿಕೆ ಬಂದ ಮೇಲೆ ತಂದೆಯ ದನಿ ಅವಳು ಕೇಳಿದ್ದು ಅದೇ ಮೊದಲು.

"ಇಷ್ಟು ಮೆತ್ತಗೆ ಮಾತಾಡ್ತಿದ್ರಾ ಅಪ್ಪ?"

"ಹೂಂ," ಎಂದರು ತಾಯಿ.