ಮಾವನ ಗೆರೆ ಬಾಗಿದ ಸಂಜೆ

ನಮ್ಮ ಮಾವನ ಹೆಸರಲ್ಲಿ ಒಂದು ಸಂಖ್ಯೆ ಇದೆ. ಬೇರೆಯವರ ಮಾವಂದಿರ ಹೆಸರಲ್ಲಿ ಮನೆ, ಅಂಗಡಿ ಇರುತ್ತವೆ, ನಮ್ಮಲ್ಲಿ ಸಂಖ್ಯೆ. ಅಯಾನುಗಳ ಕಿರಣವೊಂದು ಅನಿಲದೊಳಗೆ ಹಾಯುವಾಗ ಎಷ್ಟು ಅಯಾನುಗಳು ಅಲ್ಲಿನ ಪರಮಾಣುಗಳಿಗೆ ಡಿಕ್ಕಿ ಹೊಡೆದು, ಎಲೆಕ್ಟ್ರಾನ್ ಕಸಿದುಕೊಂಡು, ಕಿರಣದಿಂದ ಕಳೆದುಹೋಗುತ್ತವೆ ಎಂಬ ಲೆಕ್ಕ ಅದು. ಮಾವ ನಿವೃತ್ತರಾಗಿ ಬಹಳ ಕಾಲವಾಯಿತು, ಆದರೆ ಪುಸ್ತಕಗಳಲ್ಲಿ ಇವತ್ತಿಗೂ ಅವರ ಸಂಖ್ಯೆಯೇ. ಊಟಕ್ಕೆ ಬಂದ ನೆಂಟರು ಅದರ ಕಥೆ ಕೇಳದೆ ಕೈ ತೊಳೆಯುವ ಹಾಗಿಲ್ಲ.

ಆ ಸಂಖ್ಯೆ ತಪ್ಪು ಅಂತ ನನಗೆ ಗೊತ್ತಾಗಿ ಒಂದು ವಾರವಾಗಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ನನ್ನ ಬಾಯಿ ಬಲ್ಲವರು ಇದನ್ನು ನಂಬುವುದಿಲ್ಲ.

ಮಾವನ ಹಳೇ ಯಂತ್ರದಲ್ಲೇ ನನ್ನ ಕೆಲಸ, ಮೆಟಾಸ್ಟೇಬಲ್ ಅಯಾನುಗಳ ಮೇಲೆ. ಶಕ್ತಿ ತುಂಬಿದರೆ ಹೆಚ್ಚಿನ ಅಯಾನುಗಳು ಕಣ್ಣು ಮಿಟುಕಿಸುವುದರೊಳಗೆ ಅದನ್ನು ಬೆಳಕಾಗಿ ಬಿಟ್ಟು ಹಗುರಾಗುತ್ತವೆ. ಕೆಲವು ಮಾತ್ರ ಬಿಡುವುದಿಲ್ಲ, ಹೊಟ್ಟೆಯಲ್ಲಿಟ್ಟುಕೊಂಡೇ ಕೊಳವೆಯುದ್ದಕ್ಕೂ ಓಡುತ್ತವೆ, ಅವೇ ಮೆಟಾಸ್ಟೇಬಲ್. ಡಿಕ್ಕಿಯಾದಾಗ ಅವುಗಳ ವರ್ತನೆಯೇ ಬೇರೆ. "ನಿನ್ನ ಹಾಗೇ," ಅನ್ನುತ್ತಾರೆ ನನ್ನ ಗಂಡ.

ಅವು ಕಿರಣದಲ್ಲಿ ಬೆರೆತಿವೆಯೇ ಎಂದು ತಿಳಿಯುವ ಉಪಾಯ ಸರಳ. ದಾರಿಯಲ್ಲಿರುವ ಡಬ್ಬಿಗೆ ಸ್ವಲ್ಪ ಸ್ವಲ್ಪವೇ ಅನಿಲ ಬಿಡುತ್ತಾ, ಆಚೆ ಬರುವ ಕಿರಣ ಎಷ್ಟು ಕುಗ್ಗಿತು ಎಂದು ಲಾಗ್ ಅಳತೆಯ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾ ಹೋಗಬೇಕು. ಒಂದೇ ಜಾತಿಯಾದರೆ ಗೆರೆ ನೇರ. ಎರಡು ಬೆರೆತಿದ್ದರೆ, ಆತುರದವು ಮೊದಲು ಕಳೆದುಹೋಗಿ, ಉಳಿದವು ನಿಧಾನವಾಗಿ ಹೋಗುತ್ತವೆ, ಗೆರೆ ಬಾಗುತ್ತದೆ. ಮಾವನ ಗೆರೆ ನೇರವಾಗಿತ್ತು. ಅದೇ ಅಯಾನು, ಅದೇ ಅನಿಲ, ನನ್ನದು ಬಾಗಿತು. ಅವರ ಚುಕ್ಕೆಗಳು ಮುಗಿದ ಜಾಗದಿಂದಾಚೆಗೆ ಬಾಗಿತು.

ಭಾನುವಾರ ತಿಂಡಿ ಹೊತ್ತಿಗೆ ಹೇಳಿಯೇಬಿಟ್ಟೆ. "ಮಾವ, ನಿಮ್ಮ ಕಿರಣದಲ್ಲಿ ಮೆಟಾಸ್ಟೇಬಲ್ ಬೆರೆತಿದ್ವು."

ಮಾವ ಲೋಟ ಕೆಳಗಿಟ್ಟರು. "ನನ್ನ ಯಂತ್ರ ನನಗೆ ಗೊತ್ತಿಲ್ವಾ?"

"ಯಂತ್ರದ ತಪ್ಪಲ್ಲ ಮಾವ..."

"ಸಾಕು ಬಿಡಮ್ಮ."

ಆಮೇಲೆ ನನ್ನ ಜೊತೆ ಮಾತಿಲ್ಲ. ಪಕ್ಕದಲ್ಲೇ ಕೂತಿದ್ದ ನನ್ನನ್ನು ಬಿಟ್ಟು, ಮಗನ ಕೈಲಿ ಉಪ್ಪು ತರಿಸಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು, ಆಮೇಲೆ ಅಳು ಬಂತು. ನನಗೆ ಅಪ್ಪ ಇಲ್ಲ. ಈ ಕೆಲಸ ಕಲಿಸಿದ್ದು, ಮದುವೆಯಾದ ಮೇಲೂ ಬಿಡಬೇಡ ಅಂದಿದ್ದು ಈ ಮನುಷ್ಯ. ಒಂದು ಸಂಖ್ಯೆಗೋಸ್ಕರ ಇವರನ್ನು ಕಳೆದುಕೊಳ್ಳಬೇಕಾ? ಸುಮ್ಮನಿದ್ದುಬಿಡೋಣ ಅಂದುಕೊಂಡೆ. ಸುಮ್ಮನಿದ್ದರೆ ಅವರೇ ಕಲಿಸಿದ ಕೆಲಸಕ್ಕೆ ಮೋಸವಾಗುತ್ತಿತ್ತು.

ಮಂಗಳವಾರ ಸಂಜೆ ಪ್ರಯೋಗಾಲಯದ ಬಾಗಿಲು ತೆರೆಯಿತು. ಮಾವ ಕನ್ನಡಕ ಒರೆಸುತ್ತಾ ಬಂದು ತಮ್ಮ ಹಳೇ ಸ್ಟೂಲಿನ ಮೇಲೆ ಕೂತರು. "ತೋರಿಸು. ಚುಕ್ಕೆ ನಾನೇ ಇಡ್ತೀನಿ."

ನಾನು ಅನಿಲದ ವಾಲ್ವ್ ತಿರುಗಿಸುತ್ತಾ ಮೀಟರ್ ಓದಿದೆ. ಅವರು ಪೆನ್ಸಿಲ್ ಹಿಡಿದು ಚುಕ್ಕೆ ಇಟ್ಟರು. ನೇರ, ನೇರ, ನೇರ. ಪೆನ್ಸಿಲ್ ನಿಂತಿತು.

"ನಾನು ಇಲ್ಲಿಗೇ ನಿಲ್ಲಿಸಿದ್ದೆ."

"ಯಾಕೆ ಮಾವ?"

"ಆಸ್ಪತ್ರೆಯಿಂದ ಫೋನ್ ಬಂತು. ನಿಮ್ಮತ್ತೆಗೆ ಹೆರಿಗೆ ನೋವು. ವಾಲ್ವ್ ಮುಚ್ಚಿ ಓಡಿದೆ. ಮಗನ ಮುಖ ನೋಡ್ಕೊಂಡು ವಾಪಸ್ ಬಂದ್ರೆ ಚುಕ್ಕೆಗಳೆಲ್ಲ ನೆಟ್ಟಗೇ ಇದ್ವು. ಇನ್ನೇನು ಬೇಕು ಅಂತ ಬಿಟ್ಟುಬಿಟ್ಟೆ."

"ಹಾಗಾದ್ರೆ ಇದೆಲ್ಲ ನಿಮ್ಮ ಮಗನ ಕೆಲಸ. ಹುಟ್ಟೋಕೆ ಮುಂಚೆಯಿಂದ್ಲೂ ಅಡ್ಡ ಬರೋದೇ ಅಭ್ಯಾಸ."

ಮಾವ ನಗಲಿಲ್ಲ. ಮುಂದಿನ ಚುಕ್ಕೆ ಗೆರೆಗಿಂತ ಮೇಲೆ ಬಿತ್ತು. ಅದರ ಮುಂದಿನದು ಇನ್ನೂ ಮೇಲೆ.

"ಇಷ್ಟು ವರ್ಷ ಎಲ್ಲರಿಗೂ ತಪ್ಪು ಹೇಳ್ಕೊಂಡು ಬಂದೆನಲ್ಲಮ್ಮ," ಅಂದರು.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನನ್ನ ಗಂಡ.

"ಅಪ್ಪ ಅಲ್ಲಿದ್ದಾರಾ? ಊಟ ಆರ್ತಿದೆ, ಇಬ್ಬರೂ ಬೇಗ ಬನ್ನಿ."

ಇವತ್ತಿಗೆ ಸಾಕು, ಈ ಮುದಿ ಜೀವಕ್ಕೆ ಇನ್ನೆಷ್ಟು ನೋವು ಅಂತ ನಾನೇ ವಾಲ್ವ್ ಮುಚ್ಚಲು ಕೈ ಚಾಚಿದೆ. ಮಾವ ನನ್ನ ಕೈ ಹಿಡಿದರು.

"ಕಾಯೋಕೆ ಹೇಳು ಅವನಿಗೆ," ಅಂದರು. "ಅವತ್ತು ಅವನಿಗೋಸ್ಕರ ಓಡಿದ್ದಕ್ಕೆ ನನಗೇನೂ ಬೇಜಾರಿಲ್ಲ. ಇವತ್ತು ಅವನು ಸ್ವಲ್ಪ ಕಾಯಲಿ. ಅನಿಲ ಬಿಡು ಮಗಳೇ, ಕೊನೇ ಚುಕ್ಕೆ ಇಟ್ಟೇ ಏಳೋಣ."